ಬಿಳಿ ಕೋಟಿನ ಮಹಾರಾಜ

ಝಣ್, ಝಣ್. ಎರಡು ಸಲ ತಾಳ. ಆಮೇಲೆ ಆಟ ನಡೆಸುವ ಸಾರಥಿಯ ಪ್ರಶ್ನೆ: ತಾವು ಯಾರು, ತಮ್ಮ ಊರು ಯಾವುದು? ನಮ್ಮ ಸೀಮೆಯ ಬಯಲಾಟದಲ್ಲಿ ರಾಜನಾದರೂ ಇದಕ್ಕೆ ಉತ್ತರ ಹೇಳಿಯೇ ಮುಂದೆ ಹೆಜ್ಜೆ ಇಡಬೇಕು. ಆ ತಾಳ ನನಗಿನ್ನೂ ಕೇಳಿಸುತ್ತದೆ (ಹಿಯರಿಂಗ್ ಏಡ್ ತೆಗೆದಿಟ್ಟಾಗಲೂ).

ಕಳೆದ ವಾರ ಮೊಮ್ಮಗಳ ತಂಡ ಗದ್ವಾಲದ ಬಯಲಲ್ಲಿ ಅದೇ ಹಳೆಯ ನಾಟಕ ಆಡಿತು. ರಾಜ್ಯ ಕಳೆದುಕೊಳ್ಳುವ ಅರಸನದು. ಆದರೆ ಮಾಡರ್ನ್ ಸೆಟ್ಟಿಂಗ್! ರಾಜನಿಗೆ ಸೂಟು. ಸಾರಥಿಯ ಜಾಗದಲ್ಲಿ ಸೆಕ್ಯುರಿಟಿ ಗಾರ್ಡ್. ಆತ ಐಡಿ ಕಾರ್ಡ್ ಕೇಳಿದ, ರಾಜ ತೋರಿಸಿದ, ಜನ ನಕ್ಕರು.

ಹೊಸ ಐಡಿಯಾ ಹೇಗಿದೆ ಅಜ್ಜಿ ಎಂದಳು. ಹೊಸದೇ?

ನಿಜಾಮರ ಹೈದರಾಬಾದು ಭಾರತಕ್ಕೆ ಸೇರಿದ ಪೊಲೀಸ್ ಆಕ್ಷನ್ ಆದ ಮರು ಬೇಸಿಗೆ. ಕಾನ್ವೆಂಟಿನಿಂದ ರಜೆಗೆ ನಾರಾಯಣಪೇಟೆಗೆ ಬಂದಿದ್ದೆ. ನಮ್ಮೂರ ಆಟದ ರಾಜ ಎಂದರೆ ಖಾದರ್ ಮಾಮಾ. ನೇಕಾರರ ನೂಲಿಗೆ ಬಣ್ಣ ಹಾಕುವವರು. ಪ್ರತಿ ವರ್ಷ ತಮ್ಮದೇ ಶೇರ್ವಾನಿ ತೊಟ್ಟು ಸಿಂಹಾಸನ ಏರುತ್ತಿದ್ದರು. ಆ ವರ್ಷ ಶೇರ್ವಾನಿ ಟ್ರಂಕಿನ ತಳ ಸೇರಿತ್ತು. ಶೇರ್ವಾನಿ ತೊಟ್ಟವರನ್ನು ರಜಾಕಾರರೆಂಬ ಗುಮಾನಿಯಿಂದ ಪೊಲೀಸರು ದಾರಿಯಲ್ಲಿ ನಿಲ್ಲಿಸಿ ಹೆಸರು, ಊರು ಕೇಳುತ್ತಿದ್ದ ಕಾಲ ಅದು.

ಈ ಸಲ ರಾಜ ಬೇರೆಯವನಾಗಲಿ ಎಂದು ಕೆಲವರು ಗೊಣಗಿದರು. ಸಾರಥಿ ಈರಣ್ಣ, ಜೋಳದ ವ್ಯಾಪಾರಿ, ಖಾದರ್ ಇಲ್ಲದಿದ್ದರೆ ತಾನು ತಾಳ ಮುಟ್ಟುವುದಿಲ್ಲ ಎಂದು ಕೂತುಬಿಟ್ಟ. ಮುಗಿಯಿತು.

ಆಟಕ್ಕೆ ಸರ್ಕಾರದ ಇಜಾಜತ್, ಅಂದರೆ ಅನುಮತಿ, ಸಿಕ್ಕಿದ್ದು ಹಗಲಿಗೆ ಮಾತ್ರ. ಬಿಸಿಲಲ್ಲೇ ಆಟ. ರಾಜರು ಬಂದರು: ನಮ್ಮ ತಂದೆಯ ಬಿಳಿ ಕೋಟು, ತಲೆಗೆ ಕಿರೀಟ. ಝಣ್, ಝಣ್. ತಾವು ಯಾರು? ತಮ್ಮ ಊರು ಯಾವುದು?

"ಖಾದರ್ ಅಂತಾರ್ರೀ. ನಾರಾಯಣಪೇಟಿ. ಇಲ್ಲೇ ಹುಟ್ಟೀನ್ರೀ."

ದಾರಿಯಲ್ಲಿ ತಡೆದವರ ಮುಂದೆ ನಿಂತ ಹಾಗೆ ಎರಡೂ ಕೈ ಜೋಡಿಸಿದ್ದರು. ಮದ್ದಳೆಯವನು ನೆಲ ನೋಡಿದ. ಈರಣ್ಣ ಮಾತ್ರ ಒಂದು ಸುತ್ತು ಕುಣಿದು ಬಂದ.

"ಅದು ಊರಿಗೆಲ್ಲಾ ಗೊತ್ತೈತ್ರೀ, ಮಹಾರಾಜರ. ರಾಜ್ಯ ಯಾವುದು, ಅದನ್ನ ಹೇಳ್ರಿ."

ಮೊದಲು ಹೆಂಗಸರು ನಕ್ಕರು, ಆಮೇಲೆ ಗೊಣಗಿದವರೂ. (ನಮ್ಮದು ಯಾವ ರಾಜ್ಯ ಎಂದು ಆಗ ಯಾರಿಗೆ ಗೊತ್ತಿತ್ತು?) ಖಾದರ್ ಮಾಮಾ ಕೋಟು ಎಳೆದುಕೊಂಡು ಅರಸನ ಮಾತು ಶುರು ಮಾಡಿದರು.

ಆದರೂ ಮಳೆಗಾಲಕ್ಕೆ ಮುಂಚೆ ಊರು ಬಿಟ್ಟು ಹೊರಟೇಬಿಟ್ಟರು. ನಾನು ಸ್ಕೂಲಿಗೆ ಮರಳುವ ದಿನ, ಸ್ಟೇಷನ್ನಿನಲ್ಲಿ ಅವರ ಟ್ರಂಕು, ಹೆಂಡತಿ, ಮಕ್ಕಳು. ಈರಣ್ಣ ರೈಲಿನ ಕಿಟಕಿಯಿಂದ ಬುತ್ತಿ ಕೊಟ್ಟು, ಆಟದ ಧಾಟಿಯಲ್ಲೇ ಕೇಳಿದ: ಮಹಾರಾಜರು ಮುಂದೆ ಯಾವ ರಾಜ್ಯಕ್ಕೆ?

"ಯಾವುದಾದ್ರ ಏನೋ," ಅಂದರು ಖಾದರ್ ಮಾಮಾ. "ಅಲ್ಲಿ ಕೇಳಾಕ ನೀ ಇರಂಗಿಲ್ಲಲ್ಲ."

ರೈಲು ಅಲುಗಿತು. ಅವರನ್ನು ನಾನು ಕಂಡದ್ದು ಅದೇ ಕೊನೆ.