ಮೂರು ವರ್ಷದ ಉಚಲ

ನಮ್ಮ ಗಲ್ಲಿಯ ಬಾಸ್ಕೆಟ್‌ಬಾಲ್ ತಂಡ ಮುಳುಗಿದ್ದು ಒಬ್ಬ ಎತ್ತರದ ಮನುಷ್ಯನಿಂದ. ನಾನು ದಡ ಸೇರಿದ್ದೂ ಅವರಿಂದಲೇ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಂಡರೆ ಅನ್ಯಾಯವಾಗುತ್ತದೆ. ಹಾಗಾಗಿ ಎರಡನ್ನೂ ಹೇಳಿಬಿಡುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಮಹಾರಾಷ್ಟ್ರದ ಇಚಲಕರಂಜಿಯಲ್ಲಿ. ಅಪ್ಪ ಬೆಳಗಾವಿ ಕಡೆಯ ಹಳ್ಳಿಯಿಂದ ಬಂದು ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ನಾಲ್ಕು ಮಗ್ಗ ನಡೆಸುತ್ತಿದ್ದರು. ಅವ್ವ ಅದೇ ಶೆಡ್ಡಿನ ಮೂಲೆಯಲ್ಲಿ ಕೂತು ಕಾಂಡಿ ತುಂಬುತ್ತಿದ್ದಳು. ಕಾಂಡಿ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಗಲ್ಲಿಯ ಕೊನೆಗೆ ಒಂದು ಖಾಲಿ ಜಾಗವಿತ್ತು. ಹಿಂದೆ ಯಾರೋ ಶಾಲಾ ಮಾಸ್ತರರು ಅಲ್ಲಿ ಎರಡು ಕಂಬ ನೆಡಿಸಿ, ರಿಂಗು ಹಾಕಿಸಿ, ಮಗ್ಗದ ಹುಡುಗರಿಗೆ ಬಾಸ್ಕೆಟ್‌ಬಾಲಿನ ಹುಚ್ಚು ಹಿಡಿಸಿ, ತಾವು ವರ್ಗವಾಗಿ ಹೋಗಿಬಿಟ್ಟಿದ್ದರಂತೆ. ಊರೆಲ್ಲ ಕಬಡ್ಡಿ ಆಡುತ್ತಿದ್ದರೆ ನಮ್ಮ ಗಲ್ಲಿ ಮಾತ್ರ ಚೆಂಡು ಪುಟಿಸುತ್ತಿತ್ತು. ಗಣಪತಿ ಕೂರಿಸುವ ಮಂಡಳವೇ ತಂಡವನ್ನೂ ನೋಡಿಕೊಳ್ಳುತ್ತಿತ್ತು. ಅಪ್ಪ ಒಂದು ದಿನವೂ ಚೆಂಡು ಮುಟ್ಟಿದವರಲ್ಲ, ಆದರೆ ಮಂಡಳದ ಮೀಟಿಂಗಿನಲ್ಲಿ ಅವರದೇ ದೊಡ್ಡ ದನಿ. ಶೆಡ್ಡಿನ ಗದ್ದಲದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿರುತ್ತದೆ.

ಹುಡುಗರ ಆಟ ಮುಗಿದ ಮೇಲೆ ನಾವು ಏಳು ಹುಡುಗಿಯರು ಮೈದಾನಕ್ಕಿಳಿಯುತ್ತಿದ್ದೆವು. ನಮ್ಮದು ಅವರು ಬಿಸಾಕಿದ ಚೆಂಡು. ತೊಗಲು ಸವೆದು ಬೋಳಾಗಿತ್ತು. ನನಗೆ ಆಗ ಹದಿನೈದು. ನನ್ನ ಮುಂದಿನ ದಾರಿಯನ್ನು ಅಪ್ಪ ಒಂದೇ ಮಾತಿನಲ್ಲಿ ಹೇಳಿದ್ದರು: "ಆಟದ ಮ್ಯಾಲ ಕೊಲ್ಹಾಪುರದ ಕಾಲೇಜಿನಾಗ ಸೀಟ್ ಸಿಕ್ಕರ ಕಲಿ. ಫೀ ಇಲ್ಲ, ಹಾಸ್ಟೆಲ್ ಫುಕಟ. ಇಲ್ಲಂದ್ರ ಹನ್ನೆರಡನೇದು ಮುಗೀತಿದ್ದಂಗ ಅವ್ವನ ಜೋಡಿ ಕಾಂಡಿ ತುಂಬು." ಅದರಲ್ಲಿ ಕೋಪವಿರಲಿಲ್ಲ, ಇದ್ದ ಪರಿಸ್ಥಿತಿ ಇತ್ತು. ಆದರೆ ನೂಲು ಕೊಯ್ದು ಗಾಯವಾದ ಅವ್ವನ ಬೆರಳುಗಳನ್ನು ನಾನು ದಿನವೂ ನೋಡುತ್ತಿದ್ದೆ. ಏನೇ ಆದರೂ ಆ ಮೂಲೆಯಲ್ಲಿ ನಾನು ಕೂರಬಾರದು ಎಂದು ಮನಸ್ಸಿನಲ್ಲೇ ಹಟ ಹಿಡಿದಿದ್ದೆ. ಆ ವರ್ಷ ಗಣಪತಿಗೆಂದು ಮನೆಮನೆಯಿಂದ ಎತ್ತಿದ ವರ್ಗಣಿಯಲ್ಲಿ ಉಳಿದದ್ದರಲ್ಲಿ ನಮಗೊಬ್ಬ ಕೋಚನ್ನು ಇಡುವುದಾಗಿ ಮಂಡಳದವರು ಮಾತು ಕೊಟ್ಟಿದ್ದರು. ನನ್ನ ಆಸೆಯೆಲ್ಲ ಆ ಮಾತಿನ ಮೇಲೆ ನಿಂತಿತ್ತು.

ಮಾತು ಮುರಿದವರು ನನ್ನ ಅಪ್ಪನೇ.

ನಮ್ಮ ಗಂಡಸರ ತಂಡ ವರ್ಷವೂ ಕೊಲ್ಹಾಪುರದ ಫೈನಲ್ಲಿನವರೆಗೆ ಹೋಗಿ ಸೋತು ಬರುತ್ತಿತ್ತು. ರಿಂಗಿನ ಕೆಳಗೆ ನಿಲ್ಲಲು ಎತ್ತರದವರು ಯಾರೂ ಇರಲಿಲ್ಲ. ಕೊಲ್ಹಾಪುರದ ಫೌಂಡ್ರಿಯೊಂದರಲ್ಲಿ ಕೆಲಸ ಮಾಡುವ, ಮೂಲತಃ ಗಡಹಿಂಗ್ಲಜದ ಒಬ್ಬ ಆಟಗಾರ ಇದ್ದಾರೆ, ಬಾಗಿಲಲ್ಲಿ ಬಗ್ಗಿಯೇ ಬರಬೇಕು ಅಷ್ಟು ಎತ್ತರ, ನಮ್ಮ ಹಾಗೆ ಕನ್ನಡ ಮಾತಾಡುತ್ತಾರೆ ಎಂದು ಯಾರೋ ಸುದ್ದಿ ತಂದರು. ಕರೆಸುವುದೇನೋ ಸರಿ, ಹೇಗೆ ಹಿಡಿದಿಟ್ಟುಕೊಳ್ಳುವುದು? ಅಪ್ಪ ಎದ್ದು ನಿಂತರು.

"ನೇಕಾರನ್ನ ಹೆಂಗ ಹಿಡೀತಾರ? ಉಚಲ ಕೊಟ್ಟು ಹಿಡೀತಾರ. ಆಟಗಾರನೂ ಹಂಗ. ಒಂದ್ ವರ್ಷಕ್ಕ ತಂದ್ರ ಮುಂದಿನ ವರ್ಷ ಸಾಂಗಲಿಯವ್ರು ಎತ್ತಿಕೊಂಡು ಹೋಗ್ತಾರ. ಮೂರು ವರ್ಷಕ್ಕ ಕಟ್ಟಿಹಾಕ್ರಿ!"

ಉಚಲ ಎಂದರೆ ಮಗ್ಗದ ಮಾಲಕರು ನೇಕಾರನಿಗೆ ದಸರೆಯ ಹೊತ್ತಿಗೆ ಕೊಡುವ ಮುಂಗಡ. ತೆಗೆದುಕೊಂಡವನು ಮಾತಿನಷ್ಟು ವರ್ಷ ಆ ಶೆಡ್ಡು ಬಿಡುವ ಹಾಗಿಲ್ಲ. ಕಾಗದವಿಲ್ಲ, ಸಹಿಯಿಲ್ಲ, ಆದರೂ ಅದನ್ನು ಮುರಿದವನಿಗೆ ಊರಲ್ಲಿ ಮಾನವಿಲ್ಲ. ಅಪ್ಪನೇ ಉಚಲದಲ್ಲಿ ಸಿಕ್ಕಿಕೊಂಡವರು. ಬಿಗಿಯಾಗಿ ಕಟ್ಟುವುದು ಹೇಗೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಅಪ್ಪ ಮನೆಗೆ ಬಂದು ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ತಾವು ಕಟ್ಟಿಸ್ಕೊಂಡಿದ್ದು ಸಾಲದಂತ, ಈಗ ಇನ್ನೊಬ್ಬನ್ನ ಕಟ್ಟಾಕ ಹೊಂಟಾರ. ಅಲ್ರೀ, ಹುಡಿಗ್ಯಾರ ಕೋಚ್?"

"ಮುಂದಿನ ವರ್ಷ ನೋಡೂಣು," ಎಂದರು ಅಪ್ಪ. ನನ್ನ ಮುಖ ನೋಡಲಿಲ್ಲ.

ಮಂಡಳದಲ್ಲಿದ್ದದ್ದೆಲ್ಲ ಆ ಒಬ್ಬ ಮನುಷ್ಯನಿಗೆ ಹೋಯಿತು. ಅವರು ಬಂದ ಮೊದಲ ದಿನ ನಾನು ಕಾಂಪೌಂಡಿನ ಮೇಲೆ ಕೂತು, ಸಾಧ್ಯವಾದಷ್ಟು ಕೆಟ್ಟ ಮುಖ ಮಾಡಿಕೊಂಡು ಅವರ ಆಟ ನೋಡಿದೆ. ಐದು ನಿಮಿಷದಲ್ಲಿ ಮುಖ ಸಡಿಲಾಯಿತು. ಅಷ್ಟು ದೊಡ್ಡ ದೇಹ, ರಿಂಗಿನ ಹತ್ತಿರ ಹೋಗುವಾಗ ಸದ್ದೇ ಇಲ್ಲ. ಚೆಂಡನ್ನು ಎಸೆಯುತ್ತಿರಲಿಲ್ಲ, ಮೇಲೆ ಇಟ್ಟು ಬರುತ್ತಿದ್ದರು. ಆ ವರ್ಷ ನಾವು ಕೊಲ್ಹಾಪುರದಲ್ಲಿ ಗೆದ್ದೆವು. ಗುಲಾಲು ಹಾರಿತು, ಹಲಗೆ ಬಡಿದರು, ಅಪ್ಪನನ್ನು ಯಾರೋ ಹೆಗಲ ಮೇಲೆ ಹೊತ್ತರು. ಕೋಚಿನ ಮಾತು ನಾನೂ ಎತ್ತಲಿಲ್ಲ. ಗೆದ್ದ ಮನೆಯಲ್ಲಿ ಅಳುವುದು ಚಂದ ಕಾಣುವುದಿಲ್ಲ.

ಎರಡನೆಯ ವರ್ಷದ ನಡುವೆ, ಜಯಸಿಂಗಪುರದ ಪಂದ್ಯವೊಂದರಲ್ಲಿ, ಅವರು ಮೇಲೆ ಜಿಗಿದವರು ಇಳಿಯುವಾಗ ಎಡ ಮೊಣಕಾಲು ತಿರುಗಿಸಿಕೊಂಡರು. ಡಾಕ್ಟರು ಎರಡು ತಿಂಗಳು ಪಟ್ಟಿ ಕಟ್ಟಿಟ್ಟು, ಬಿಚ್ಚಿದ ಮೇಲೆ ಹೇಳಿದರು: ನಡೆಯಿರಿ, ಕೆಲಸ ಮಾಡಿರಿ, ಆದರೆ ಪಂದ್ಯ ಆಡುವ ಆಸೆ ಬಿಡಿರಿ.

ನಮ್ಮವರ ತಪ್ಪು ಆಗ ಎಲ್ಲರ ಕಣ್ಣಿಗೆ ಬಿತ್ತು. ನೇಕಾರನ ಕೈ ಮೊದಲ ವರ್ಷ ಹೇಗೋ ಮೂರನೆಯ ವರ್ಷವೂ ಹಾಗೆಯೇ ಇರುತ್ತದೆ. ಆಟಗಾರನ ಮೊಣಕಾಲಿಗೆ ಆ ಖಾತ್ರಿ ಇಲ್ಲ. ಬೇರೊಬ್ಬರನ್ನು ತರಲು ಮಂಡಳದಲ್ಲಿ ಏನೂ ಉಳಿದಿರಲಿಲ್ಲ. ವರ್ಷಗಳಿಂದ ಒಂದು ಕಪ್ ಚಹಾಕ್ಕೆ ಆಡಿಕೊಂಡಿದ್ದ ಗಲ್ಲಿಯ ಹುಡುಗರಿಗೆ ಮೊದಲೇ ಹೊಟ್ಟೆ ಉರಿದಿತ್ತು. ಪಟ್ಟಿ ಬಿಚ್ಚುವಷ್ಟರಲ್ಲೇ ಚೆನ್ನಾಗಿ ಆಡುವವರಿಬ್ಬರು ಬೂಟು ಕೊಡುತ್ತೇವೆಂದ ಬೇರೆ ಊರಿನ ತಂಡಕ್ಕೆ ಹೋಗಿದ್ದರು. ಅವರ ಹಿಂದೆ ಉಳಿದವರೂ ಚದುರಿದ್ದರು. ಫೈನಲ್ ಸೋಲುತ್ತಿದ್ದ ತಂಡ ಮೊದಲ ಸುತ್ತಿನಲ್ಲೇ ಸೋತು, ಆಮೇಲೆ ಹೆಸರು ಬರೆಸುವುದನ್ನೇ ನಿಲ್ಲಿಸಿತು. ಬೈಯಲು ಗಲ್ಲಿಗೆ ಒಬ್ಬರು ಬೇಕಿತ್ತು, ಅಪ್ಪ ಸಿಕ್ಕರು. ಅವರು ಚಹಾದಂಗಡಿಯ ಕಡೆಯಿಂದ ಬರುವುದನ್ನು ಬಿಟ್ಟು, ಹಿಂದಿನ ದಾರಿಯಿಂದ ಮನೆಗೆ ಬರತೊಡಗಿದರು.

ಈಗ ನಾನು ಗಡಹಿಂಗ್ಲಜದ ಒಂದು ಶಾಲೆಯಲ್ಲಿ ಆಟದ ಟೀಚರು. ದೂರದೇಶದ ಬಾಸ್ಕೆಟ್‌ಬಾಲ್ ತಂಡಗಳು ಒಬ್ಬೊಬ್ಬ ಆಟಗಾರನನ್ನು ಎಷ್ಟೆಷ್ಟು ಕೊಟ್ಟು, ಎಷ್ಟೆಷ್ಟು ವರ್ಷಕ್ಕೆ ಹಿಡಿದವೆಂದು ಮಕ್ಕಳು ಮೊಬೈಲಿನಲ್ಲಿ ಓದಿಕೊಂಡು ಬಂದು ಜಗಳಾಡುತ್ತಾರೆ. "ಮೇಡಂ, ಹಂಗ ಮಾಡಿದ್ರ ತಂಡ ಮುಂದ ಬರ್ತೈತೋ, ಹಿಂದ ಬೀಳ್ತೈತೋ?" ಹಿಂದೆ ಬೀಳುತ್ತದೆ ಎನ್ನುತ್ತೇನೆ, ಒಂದು ಕ್ಷಣವೂ ಯೋಚಿಸದೆ. ನಾಳೆಯದನ್ನೆಲ್ಲ ಇವತ್ತಿನವನಿಗೆ ಕೊಟ್ಟವರಿಗೆ ನಾಳೆಯವನು ಬಂದಾಗ ಕೊಡಲು ಏನೂ ಇರುವುದಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆಂದ ಮೇಲೆ ಒಳಗೊಳಗೇ ನಾಚಿಕೆಯಾಗುತ್ತದೆ. ನಾನು ಈ ಮೈದಾನದಲ್ಲಿ ಸೀಟಿ ಹಾಕಿಕೊಂಡು ನಿಂತಿರುವುದೇ ಅಂಥ ಒಂದು ದಡ್ಡ ಒಪ್ಪಂದದ ದೆಸೆಯಿಂದ.

ಆಗ ಅವರ ಮೊಣಕಾಲಿನ ಪಟ್ಟಿ ಬಿಚ್ಚಿದ ವಾರವೇ ಮಂಡಳದ ಮೀಟಿಂಗು ಮೈದಾನದಲ್ಲಿ ನಡೆಯಿತು. ಕೊಟ್ಟದ್ದನ್ನು ವಾಪಸು ಕೇಳಬೇಕೆಂದು ಕೆಲವರ ಹಟ. ಆ ಮನುಷ್ಯ ಕೊಲ್ಹಾಪುರದಿಂದ ಬಸ್ಸು ಹತ್ತಿ, ಕೈಯಲ್ಲೊಂದು ಕೋಲು ಹಿಡಿದು, ಕರೆಯದಿದ್ದರೂ ಬಂದಿದ್ದರು. ಎಲ್ಲರ ಕೂಗಾಟ ಮುಗಿಯುವವರೆಗೆ ಕಾದು ಅಪ್ಪನನ್ನು ಕೇಳಿದರು.

"ಅಣ್ಣಾರ, ಉಚಲ ತಗೊಂಡ ನೇಕಾರ ಜಡ್ಡಿಗೆ ಬಿದ್ರ ಏನ್ ಮಾಡ್ತಾನ್ರಿ?"

"ಮನೀಂದ ಬದಲಿ ಕಳಸ್ತಾನ," ಎಂದರು ಅಪ್ಪ. "ತಮ್ಮನ್ನೋ, ಭಾವನ್ನೋ. ಅವನ ಮಗ್ಗ ನಿಲ್ಲಬಾರದು."

"ನನಗ ತಮ್ಮ ಇಲ್ರಿ, ಭಾವನೂ ಇಲ್ಲ. ಬದಲೀನ ಇಲ್ಲೇ ತಯಾರ ಮಾಡಿ ಕೊಡ್ತೇನಿ. ಇನ್ನ ಒಂದೂವರಿ ವರ್ಷ ಐತೆಲ್ಲ."

"ಯಾರನ್ನ ತಯಾರ ಮಾಡ್ತಿ? ಹುಡುಗ್ರೆಲ್ಲ ಓಡಿಹೋಗ್ಯಾರ."

ಅವರು ಕೋಲೆತ್ತಿ ಕಾಂಪೌಂಡಿನ ಮೇಲೆ ಕೂತಿದ್ದ ನಮ್ಮ ಕಡೆ ತೋರಿಸಿದರು. "ಅಲ್ಲೆ ಕುಂತಾವಲ್ರಿ, ಏಳು."

ಮಂಡಳದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೀಸೆ ಹೊತ್ತ ಗಂಡಸರ ಬದಲಿ ಎಣ್ಣೆಜಡೆಯ ಹುಡುಗಿಯರು! ಆದರೆ ನೇಕಾರರ ನಡುವೆ ಬದಲಿ ಎಂಬ ಮಾತು ಬಂದ ಮೇಲೆ ಬೇಡ ಎನ್ನುವ ಪದ್ಧತಿಯಿಲ್ಲ. ಯಾರನ್ನು ಕಳಿಸಬೇಕೆಂಬುದು ಕಾಯಿಲೆ ಬಿದ್ದವನ ಇಷ್ಟ. ಒಪ್ಪಿದರು.

ಹಾಗೆ ನನಗೆ ಕೋಚ್ ಸಿಕ್ಕರು. ನಾವು ಕಾಕಾ ಎಂದು ಕರೆಯತೊಡಗಿದೆವು. ಫೌಂಡ್ರಿಯ ರಜೆಯ ದಿನ ಬಿಟ್ಟರೆ ಅವರಿಗೆ ಬಿಡುವಿರಲಿಲ್ಲ. ಆ ಒಂದು ದಿನವನ್ನು ವಾರವೂ ನಮಗೆ ಕೊಟ್ಟರು. ಹೆಂಡತಿ ಕಟ್ಟಿಕೊಟ್ಟ ಬುತ್ತಿಯನ್ನು ಕಂಬದ ಬುಡದಲ್ಲಿಟ್ಟು ಶುರು ಮಾಡಿದರೆ ಸಂಜೆಯಾಗುವವರೆಗೆ ಬಿಡುತ್ತಿರಲಿಲ್ಲ. ಬಾಯಿ ಮಾತ್ರ ಕೆಟ್ಟದು. "ಚೆಂಡೇನ್ ಕೂಸೇನಬೇ, ಎದಿಗೆ ಅವಚ್ಕೊಂಡು ಓಡಾಕತ್ತಿ?" ಎಂದು ನನಗೆ ಅವರು ಅಂದದ್ದನ್ನೇ ಇವತ್ತು ನನ್ನ ಮಕ್ಕಳಿಗೆ ನಾನು ಅನ್ನುತ್ತೇನೆ. ನಾವು ಅಳುವಷ್ಟು ದಣಿದ ದಿನ ಬುತ್ತಿ ಬಿಚ್ಚಿ ಏಳು ಪಾಲು ಮಾಡುತ್ತಿದ್ದರು. ಎಂಟು ಪಾಲು ಮಾಡಬೇಕಿತ್ತೆಂದು ಆಗ ನಮಗೆ ಹೊಳೆಯಲೇ ಇಲ್ಲ. ಇದನ್ನು ಬರೆಯುವಾಗ ಈಗ ಹೊಳೆಯುತ್ತದೆ.

ಒಂದೂವರೆ ವರ್ಷ ಮುಗಿಯುತ್ತ ಬಂದಾಗ, ನನ್ನ ಹನ್ನೆರಡನೇದು ಮುಗಿದ ಮೇಲೆ, ಕೊಲ್ಹಾಪುರದ ಕಾಲೇಜಿನಲ್ಲಿ ಆಯ್ಕೆಯ ದಿನ ಬಂತು. ಅಪ್ಪ ಶೆಡ್ಡು ಬಿಡುವ ಹಾಗಿರಲಿಲ್ಲ, ಅವ್ವ ಬಂದಳು. ಸಿಗದಿದ್ದರೆ ಮರುದಿನದಿಂದಲೇ ನನಗೆ ಕಾಂಡಿ. ಕಾಂಡಿ ಮಷಿನ್ನಿನ ಪಕ್ಕ ನನಗೆಂದು ಸ್ಟೂಲನ್ನೂ ಮಾಲಕರು ಹಾಕಿಸಿಟ್ಟಿದ್ದರು.

ಅಲ್ಲಿನ ಕೋಚ್ ಒಬ್ಬ ಗಂಭೀರ ಹೆಂಗಸು. ನಾನು ಚೆಂಡು ಪುಟಿಸಿಕೊಂಡು ಹೋಗಿ ರಿಂಗಿಗೆ ಹಾಕಿದೆ. ಅವರು ಸೀಟಿ ಊದಿದರು.

"ಪಾಯ್ ಚುಕತೋಯ್ ತುಝಾ." ನಿನ್ನ ಕಾಲು ತಪ್ಪುತ್ತಿದೆ ಎಂದರು.

ಮತ್ತೆ ಹಾಕಿದೆ. ಮತ್ತೆ ಸೀಟಿ. ಬಲಗೈಯಿಂದ ಹಾಕುವವರು ಎಡಗಾಲಿನ ಮೇಲೆ ಜಿಗಿಯಬೇಕು. ಎಲ್ಲ ಊರಿನಲ್ಲೂ ಅದೇ ಪಾಠ. ನಾನು ಬಲಗಾಲಿನ ಮೇಲೆ ಜಿಗಿಯುತ್ತಿದ್ದೆ, ಇಳಿಯುವಾಗ ಎಡಗಾಲನ್ನು ಸ್ವಲ್ಪ ಎಳೆದುಕೊಳ್ಳುತ್ತಿದ್ದೆ. "ಎಡ ಮೊಣಕಾಲಿಗೆ ಪೆಟ್ಟಾಗಿದೆಯಾ?" ಎಂದು ಅವರು ಕೇಳಿದಾಗ ನನಗೆ ಅರ್ಥವಾಯಿತು. ಕಾಕಾ ಪ್ರತಿ ವಾರ ಕೂಗುತ್ತಿದ್ದರು: "ನನ್ನ ನೋಡಬ್ಯಾಡ್ರಿ, ನಾ ಹೇಳಿದ್ದು ಕೇಳ್ರಿ!" ನಾವು ಕೇಳಿದ್ದು ಕಡಿಮೆ, ನೋಡಿದ್ದೇ ಹೆಚ್ಚು. ಅವರು ನೋವು ಉಳಿಸಿಕೊಳ್ಳಲು ಹಾಕುತ್ತಿದ್ದ ಹೆಜ್ಜೆಯನ್ನೇ ಆಟವೆಂದುಕೊಂಡು ಏಳು ಹುಡುಗಿಯರೂ ಒಟ್ಟಿಗೆ ಕುಂಟುವುದನ್ನು ಕಲಿತಿದ್ದೆವು.

ಕೋಚ್ ತಮ್ಮ ತಂಡದ ಗಟ್ಟಿ ಹುಡುಗಿಯೊಬ್ಬಳನ್ನು ನನ್ನೆದುರು ನಿಲ್ಲಿಸಿದರು. ಅವಳು ಎಡಗಾಲಿನ ಹೆಜ್ಜೆಗೆ ಕಾದಳು. ನಾನು ಅಷ್ಟರಲ್ಲಿ ಬಲಗಾಲಿನಲ್ಲಿ ಮೇಲೆದ್ದಿದ್ದೆ. ಚೆಂಡು ಒಳಗೆ. ಇನ್ನೊಮ್ಮೆಯೂ ಒಳಗೆ. ಮೂರನೆಯ ಸಲ ಅವಳು ತಡೆದಳು. ಕೋಚ್ ಬಹಳ ಹೊತ್ತು ನನ್ನ ಕಾಲನ್ನೇ ನೋಡಿದರು.

"ಕೋಣೀ ಶಿಕವಲಂ ತುಲಾ?" ಯಾರು ಕಲಿಸಿದ್ದು ನಿನಗೆ?

ನಾನು ಎಲ್ಲ ಹೇಳಿದೆ. ಅವರು ನಗಲಿಲ್ಲ. ಈ ಕಾಲನ್ನು ತಿದ್ದಲು ನನಗೆ ಒಂದು ವರ್ಷ ಬೇಕು, ಉಳಿದದ್ದನ್ನು ಯಾರೋ ಚೆನ್ನಾಗಿ ಕಲಿಸಿದ್ದಾರೆ, ಹೆಸರು ಬರೆಸಿ ಹೋಗು ಎಂದರು. ಅವ್ವನಿಗೆ ಮರಾಠಿ ಬರುತ್ತಿತ್ತು, ಆದರೂ ಎರಡು ಸಲ ನನ್ನಿಂದ ಹೇಳಿಸಿಕೊಂಡಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಆ ಸ್ಟೂಲಿನ ಮ್ಯಾಲ ನಾ ನೀರಿನ ಕೊಡ ಇಡ್ತೇನಿ ತಗೋ," ಎಂದಳು.

ಅದೇ ವರ್ಷದ ದಸರೆಗೆ ಕಾಕಾರ ಮೂರು ವರ್ಷ ಮುಗಿಯಿತು. ನಾನು ಹಾಸ್ಟೆಲಿನಿಂದ ಊರಿಗೆ ಬಂದಿದ್ದೆ. ಸಂಜೆ ಬನ್ನಿ ಕೊಡುವ ಹೊತ್ತು, ಗಲ್ಲಿಯವರೆಲ್ಲ ಮೈದಾನದಲ್ಲಿ ಸೇರಿ ಒಬ್ಬರಿಗೊಬ್ಬರು ಬಂಗಾರವೆಂದು ಎಲೆ ಕೊಡುತ್ತಿದ್ದರು. ತಂಡದಲ್ಲಿ ನನ್ನ ಜಾಗಕ್ಕೆ ಆಗಲೇ ಇನ್ನೊಬ್ಬ ಹುಡುಗಿ ಬಂದಿದ್ದಳು. ಅಪ್ಪ ಕಾಕಾರ ಬಳಿ ಹೋಗಿ, ಅಭ್ಯಾಸವಿಲ್ಲದ ಮೆಲುದನಿಯಲ್ಲಿ ಹೇಳಿದರು.

"ತಮ್ಮಾ, ಇವತ್ತಿಗೆ ನಿನ್ನ ಉಚಲ ಮುಗೀತು. ನಿನ್ನ ಕಡಿಂದ ಭಾಳ ದುಡಿಸ್ಕೊಂಡ್ವಿ. ಇನ್ನ ರಜಾ ದಿನ ಹೆಂಡ್ತಿ ಮಕ್ಕಳ ಜೋಡಿ ಆರಾಮ ಇರು."

ಕಾಕಾ ತಲೆಯಾಡಿಸಿದರು. ಅವರು ಬುತ್ತಿಯ ಚೀಲ ಹೆಗಲಿಗೇರಿಸಿದವರು ಅಲ್ಲೇ ನಿಂತರು.

"ಅಣ್ಣಾರ, ಮುಂದಿನದ್ದು?"

"ಮುಂದಿಂದೇನು?"

"ಉಚಲ್ರಿ."

ಅಪ್ಪನ ಮುಖ ಸಣ್ಣದಾಯಿತು. "ಮಂಡಳದಾಗ ಏನೂ ಉಳದಿಲ್ಲೋ ತಮ್ಮಾ. ನಿನಗ ಗೊತ್ತೈತೆಲ್ಲ."

"ರೊಕ್ಕ ಯಾರ್ ಕೇಳ್ಯಾರ್ರಿ? ಏನರ ಒಂದು ಕೈಯಾಗ ಹಾಕ್ರಿ. ಏನೂ ತಗೊಳ್ದ ವಾರಾ ವಾರಾ ಹೊಂಟ್ರ ಮನ್ಯಾಗ ಏನಂತ ಹೇಳ್ಲಿ? ಉಚಲ ತಗೊಂಡೇನಿ ಅಂದ್ರ ಆಕಿ ಸುಮ್ಮನ ಬುತ್ತಿ ಕಟ್ತಾಳ."

ಅಪ್ಪ ತಮ್ಮ ಕೈಯಲ್ಲಿದ್ದ ಬನ್ನಿಯ ಟೊಂಗೆಯಿಂದ ಒಂದು, ಎರಡು, ಮೂರು ಎಲೆ ಕಿತ್ತು ಕಾಕಾರ ಅಂಗೈಗೆ ಹಾಕಿದರು. ಕಾಕಾ ಒಂದನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಎರಡನ್ನು ಹಿಂದಿರುಗಿಸಿದರು.

"ಒಂದೊಂದ ವರ್ಷದ್ದು ಕೊಡ್ರಿ ಅಣ್ಣಾರ. ಮೂರು ವರ್ಷಕ್ಕ ಕಟ್ಟಿದ್ರ ತಂಡ ಹಾಳಾಗ್ತೈತಿ."

ಅಪ್ಪ ನಕ್ಕರು. ಗಂಡಸರ ತಂಡ ಒಡೆದ ಮೇಲೆ ಆ ಮೈದಾನದಲ್ಲಿ ಅವರು ಜೋರಾಗಿ ನಕ್ಕದ್ದು ಅದೇ ಮೊದಲು. ಮನೆಗೆ ಹೋಗುವಾಗ ಚಹಾದಂಗಡಿಯ ಮುಂದಿನ ದಾರಿಯನ್ನೇ ಹಿಡಿದರು.