ದೊರೆಸಾನಿಯ ಹಿಂಗಾಲು

ಭಾಮೈದನ ಮೇಲಿನ ಸಿಟ್ಟು ಇವನಿಗೆ ಇನ್ನೂ ಇಳಿದಿಲ್ಲ. ಒಂದೇ ಮೇಜಿಗೆ ಊಟಕ್ಕೆ ಕೂತರೂ ಉಪ್ಪಿನ ಡಬ್ಬಿ ಬೇಕೆಂದರೆ ಹೆಂಡತಿಯ ಬಾಯಿಂದ ಕೇಳಿಸುತ್ತಾನೆ.

"ನನ್ನ ತಮ್ಮ ಏನು ಕೊಲೆ ಮಾಡಿದ್ನಾ?" ಎಂದು ಅವಳು ಸಿಡುಕಿದರೆ, "ಹೂಂ, ಊಟ ಹಾಕಿ ಕೊಂದ" ಅನ್ನುತ್ತಾನೆ.

ಇಬ್ಬರಿಗೂ ಮೃಗಾಲಯದಲ್ಲಿ ಹಾವು ಹಲ್ಲಿಗಳ ಮನೆ ನೋಡಿಕೊಳ್ಳುವ ಕೆಲಸ. ಬೆಳಗಿನ ಪಾಳಿ ಇವನದು, ಸಂಜೆಯದು ಭಾಮೈದನದು. ಕೆಲವು ತಿಂಗಳ ಹಿಂದೆ ಅಲ್ಲಿಗೊಂದು ಹೆಣ್ಣು ಉಡ ಬಂತು. ಯಾರೋ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಕೂಡಿಹಾಕಿ ಸಾಕಿದ್ದರು. ಹಿಂಗಾಲು ಒಣಕಡ್ಡಿ. ಆದರೂ ತಲೆಯೆತ್ತಿ ನೋಡುವ ಗತ್ತು ಕಂಡು ಇವನೇ ದೊರೆಸಾನಿ ಎಂದು ಹೆಸರಿಟ್ಟ.

ಮೃಗಾಲಯದ ಡಾಕ್ಟರಮ್ಮ ಅದರ ಕಾಲು ಒತ್ತಿ ನೋಡಿದರು. "ಬರೀ ತಿಂದ್ರೆ ಮಾಂಸಖಂಡ ಬೆಳೆಯಲ್ಲಪ್ಪ. ತಿಂದದ್ದು ಕಾಲಿಗೆ ಇಳೀಬೇಕಂದ್ರೆ ಹತ್ತಿ ಇಳಿದು ಮಾಡ್ಬೇಕು. ಇಲ್ಲಾಂದ್ರೆ ಎಲ್ಲಾ ಹೊಟ್ಟೇಲಿ ಕೊಬ್ಬಾಗಿ ಕೂರುತ್ತೆ. ಕಾಲಿಗೆ ಬಲ ಬರದಿದ್ರೆ ಮದ್ದು ಕೊಟ್ಟು ಶಾಶ್ವತವಾಗಿ ಮಲಗಿಸೋದೇ."

ಅವತ್ತಿನಿಂದ ಇವನದೂ ಉಡದ ಪಟ್ಟು. ದೀಪದ ಶಾಖಕ್ಕೆ ಅವಳ ಮೈ ಬಿಸಿಯಾಗುವವರೆಗೆ ಕಾದು, ಏಣಿ ಹತ್ತಿ, ಗಾಜಿನ ಗೂಡಿನೊಳಗೆ ನಿಲ್ಲಿಸಿದ್ದ ಮರದ ಬೊಡ್ಡೆಯ ತುದಿಯಲ್ಲಿ ಮೊಟ್ಟೆ ಹಿಡಿಯುವನು. "ಬಾರೇ ದೊರೆಸಾನಿ, ಮೇಲೆ ಬಂದ್ರೆ ನಿಂದೇ." ಹತ್ತಿದಷ್ಟಕ್ಕೆ ಒಂದೊಂದು ಚೂರು ಮಾಂಸ, ಮೊಟ್ಟೆ ಮಾತ್ರ ತುದಿ ಮುಟ್ಟಿದರೆ. ಅವಳ ತೊಡೆಯಲ್ಲಿ ಗಟ್ಟಿ ಉಬ್ಬು ಕೈಗೆ ಸಿಕ್ಕ ದಿನ ಇವನು ಮನೆಯಲ್ಲಿ ಯಾರ ಮೇಲೂ ರೇಗಲಿಲ್ಲ.

ಆದರೆ ಹೊಟ್ಟೆಯೂ ಜೋತುಬಿತ್ತು. ಮಾಂಸ ಕಡಿಮೆ ಮಾಡಿದ. ಆದರೂ ಹೊಟ್ಟೆ ನೆಲಕ್ಕೇ ತಾಗಿತು. ಒಂದು ಬೆಳಿಗ್ಗೆ ನೀರಿನ ತೊಟ್ಟಿಯಲ್ಲಿ ಕೋಳಿಯ ರೆಕ್ಕೆ ತೇಲುತ್ತಿತ್ತು. ಕೈಯಲ್ಲಿದ್ದ ಮೊಟ್ಟೆಯನ್ನು ಜೇಬಿಗಿಳಿಸಿ ಹೊರಗೆ ನುಗ್ಗಿದ. ಹಿಂದಿನ ಸಂಜೆ ಮರೆತು ಒಯ್ದಿದ್ದ ಉಗ್ರಾಣದ ಬೀಗದ ಕೈ ಕೊಡಲು ಬಂದಿದ್ದ ಭಾಮೈದ ಎದುರಿಗೇ ಸಿಕ್ಕ.

"ದಿನಾ ಕೋಳಿ ಹಾಕ್ತಿದ್ದೋನು ನೀನೇನೋ?"

"ಪಾಪ ಭಾವ, ಹಸ್ಕೊಂಡು ನನ್ನೇ ನೋಡ್ತಿತ್ತು. ನೀವು ಸರ್ಕಸ್ಸಿಗೆ ಸೇರಿಸೋಕೆ ಉಪವಾಸ ಕೆಡವಿದೀರಾ ಅನ್ಕೊಂಡೆ. ಒಂದು ಮಾತು ಹೇಳಿದ್ರೆ ಹಾಕ್ತಿದ್ನಾ?"

ಇವನು ಅವನ ಕೊರಳಪಟ್ಟಿಗೆ ಕೈಹಾಕಿದ. ಎಳೆದಾಟದಲ್ಲಿ ಜೇಬಿನ ಮೊಟ್ಟೆ ಒಡೆದು ಎದೆಯ ಮೇಲೆಲ್ಲ ಸುರಿಯಿತು.

"ಭಾವ, ಬಿಡಿ, ಅಲ್ನೋಡಿ!"

ಗಾಜಿನಾಚೆ ದೊರೆಸಾನಿ ಬೊಡ್ಡೆಯ ತುದಿಯಲ್ಲಿದ್ದಳು. ದಿನವೂ ಮೊಟ್ಟೆ ಸಿಗಬೇಕಿದ್ದ ಜಾಗದಲ್ಲಿ ನಾಲಿಗೆ ಚಾಚಿ ಹುಡುಕುತ್ತಿದ್ದಳು. ಇವನು ಓಡಿದ. ಏಣಿಗೆ ಕೈ ತಾಗುವಷ್ಟರಲ್ಲಿ ಹಿಂಗಾಲು ಸೋತವು. ಹೊಟ್ಟೆಯ ಭಾರಕ್ಕೆ ಜಾರಿ ತೊಟ್ಟಿಯ ಅಂಚಿಗೆ ಬಿದ್ದಳು. ಬೆನ್ನುಮೂಳೆ ಮುರಿದಿತ್ತು. ಡಾಕ್ಟರಮ್ಮ ಬಂದು ಮಲಗಿಸುವ ಮದ್ದು ಕೊಟ್ಟರು.

ಅಂಗಿಯ ಕಲೆಯನ್ನು ಹೆಂಡತಿ ಒಗೆದು ತೆಗೆದಳು. ದೊರೆಸಾನಿ ತುದಿಗೆ ಬಂದು ತನ್ನ ಪಾಲಿನ ಕೆಲಸ ಮುಗಿಸಿದ್ದಳು. ಅವಳಿಗೆ ಕೊಡಬೇಕಿದ್ದ ಮೊಟ್ಟೆಯ ಸಾಲ ಇವನ ಮೇಲೆ ಹಾಗೇ ಉಳಿಯಿತು.