ಪದ್ಯ ಸುತ್ತಿದ ಒಂಬತ್ತು ಬೀಡಿ

ಆಗ ನನಗೆ ಐವತ್ತೇಳು ವರ್ಷ. ಅದಾಗಿ ಈಗ ಹದಿನಾರು ವರ್ಷ ಕಳೆಯಿತು. ಒದ್ದೆ ಗೋಣಿಯ ವಾಸನೆ ಎಲ್ಲಿಂದಾದರೂ ಬಂದರೆ ಸಾಕು, ಎರ್ಮಾಳಿನ ಆ ಮನೆಯ ಚಾವಡಿ ನನ್ನ ಮುಂದೆ ಬಂದು ಕೂರುತ್ತದೆ. ಬೀಡಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಬೀಡಿ ಕಂಪೆನಿಯ ಬ್ರಾಂಚಿನಿಂದ ತಂದ ಒಣ ಎಲೆಯನ್ನು ಸಂಜೆ ನೀರಿನಲ್ಲಿ ಅದ್ದಿ, ಕೊಡವಿ, ಗೋಣಿಯಲ್ಲಿ ಸುತ್ತಿಟ್ಟರೆ ಬೆಳಗಾಗುವಾಗ ಅದು ಮೆದುವಾಗಿ ಕತ್ತರಿಯ ಮಾತು ಕೇಳುತ್ತದೆ. ಆ ಗೋಣಿ ಬಿಚ್ಚುವಾಗ ಬರುವ ವಾಸನೆ ಮಣ್ಣಿನದ್ದೂ ಅಲ್ಲ, ಚಹಾ ಸೊಪ್ಪಿನದ್ದೂ ಅಲ್ಲ, ಎರಡರ ನಡುವಿನದ್ದು. ಒಂಬತ್ತನೇ ವರ್ಷದಲ್ಲಿ ನನ್ನನ್ನು ಎರಡನೇ ಕ್ಲಾಸಿನಿಂದ ಬಿಡಿಸಿ ಆ ಗೋಣಿಯ ಮುಂದೆ ಕೂರಿಸಿದವರು ನನಗೆ ಅರುವತ್ತು ದಾಟುವವರೆಗೆ ಏಳಿಸಲಿಲ್ಲ. ಆ ಮನೆ ಈಗ ಇಲ್ಲ. ಹೆದ್ದಾರಿ ಅಗಲ ಮಾಡುವಾಗ ಚಾವಡಿ, ಬಾವಿ, ಹಿಂದಿನ ಬಾಡಿಗೆ ಕೋಣೆ ಎಲ್ಲ ಹೋಯಿತು. ಹೆಜಮಾಡಿ ಕಡೆಗೆ ಹೋಗುವ ಬಸ್ಸುಗಳು ಈಗ ನಾನು ಬೀಡಿ ಕಟ್ಟುತ್ತಿದ್ದ ಜಾಗದ ಮೇಲಿಂದಲೇ ಓಡುತ್ತವೆ. ನಾನೂ ಎಷ್ಟೋ ಸಲ ಅದರಲ್ಲಿ ಕೂತು ಹೋಗಿದ್ದೇನೆ. ಅಳು ಬರುವುದಿಲ್ಲ. ಸೀಟು ಸಿಕ್ಕಿತಾ ಇಲ್ಲವಾ ಎನ್ನುವುದೇ ಆಗಿನ ಚಿಂತೆ.

ನನ್ನ ಮಗಳ ಮಗಳು ಶ್ರಾವ್ಯ ಈಗ ರ‍್ಯಾಪ್ ಹಾಡುವವಳು. ಅದು ಹಾಡೂ ಅಲ್ಲ, ಜಗಳವೂ ಅಲ್ಲ, ಉಸಿರು ಬಿಡದೆ ಪ್ರಾಸ ಹಾಕಿ ಮಾತನಾಡುವುದು. ತುಳುವಿನಲ್ಲೂ ಹೇಳುತ್ತಾಳೆ, ಕನ್ನಡದಲ್ಲೂ ಹೇಳುತ್ತಾಳೆ. ಉಡುಪಿ, ಮಣಿಪಾಲದ ಮಕ್ಕಳಿಗೆ ಅವಳೆಂದರೆ ಹುಚ್ಚು. ಕಾಪುವಿನಲ್ಲಿ ನಾವು ಈಗಿರುವ ಬಾಡಿಗೆ ಮನೆಗೆ ಅವಳ ಬಗ್ಗೆ ಬರೆಯುವವರು ಬರುತ್ತಾರೆ. ಸಣ್ಣವಳಿರುವಾಗ ಬರೆದ ಪದ್ಯ ಏನಾದರೂ ಇಟ್ಟಿದ್ದೀರಾ ಅಜ್ಜಿ, ಒಂದು ಫೋಟೋ ತೆಗೆಯಬೇಕಿತ್ತು ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಯಾಕೆ ಇಲ್ಲ ಎಂದು ಹಾಗೆ ಬಂದವರಿಗೆ ಯಾರಿಗೂ ಹೇಳಿಲ್ಲ.

ನಮ್ಮ ಕಡೆ ಮಗಳ ಮಗಳು ಎಂದರೆ ಮನೆಯವಳೇ. ಅವಳ ಅಮ್ಮ, ನನ್ನ ಮಗಳು, ಮಣಿಪಾಲದಲ್ಲಿ ಬಟ್ಟೆ ಒಗೆಯುವ ದೊಡ್ಡ ಮೆಷಿನಿನ ಕೆಲಸಕ್ಕೆ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು. ಆದ್ದರಿಂದ ಶ್ರಾವ್ಯನನ್ನು ಮೀಯಿಸಿದ್ದು, ಹೇನು ತೆಗೆದದ್ದು, ಮೀನಿನ ಮುಳ್ಳು ಬಿಡಿಸಿ ಉಣಿಸಿದ್ದು ಎಲ್ಲ ನಾನು. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೆದ್ದಾರಿ, ನಡುವೆ ನಾವಿಬ್ಬರು. ನಾನು ಗೋಡೆಗೆ ಒರಗಿ ತಡ್ಪೆಯನ್ನು, ಅಂದರೆ ನಮ್ಮ ಬಿದಿರಿನ ಮೊರವನ್ನು, ತೊಡೆಯ ಮೇಲೆ ಇಟ್ಟುಕೊಂಡು ಬೀಡಿ ಕಟ್ಟುವುದು, ಅವಳು ನನ್ನ ಕಾಲಿನ ಬದಿಯಲ್ಲಿ ಕೂತು ಮನೆಪಾಠ ಬರೆಯುವುದು. ನನಗೆ ಅಕ್ಷರ ಸ್ವಲ್ಪ ಬರುತ್ತಿತ್ತು. ಬಸ್ಸಿನ ಬೋರ್ಡನ್ನು ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಅವಳಿಗೆ ಅದು ದೊಡ್ಡ ತಮಾಷೆ. ಹೆದ್ದಾರಿಯ ಬದಿಯಲ್ಲಿ ನಿಂತರೆ, ಓದು ಅಜ್ಜಿ, ಓದು ಎಂದು ಸೆರಗು ಎಳೆಯುತ್ತಿದ್ದಳು.

ಅವಳಿಗೆ ಹದಿಮೂರು ವರ್ಷವಾಗಿದ್ದಾಗ ಹಿಂದಿನ ಕೋಣೆಗೆ ಯಲ್ಲವ್ವ ಮತ್ತು ಅವಳ ಗಂಡ ಬಂದರು. ಬಾದಾಮಿ ಕಡೆಯವರು. ಹತ್ತಿರದಲ್ಲೇ ಏಳುತ್ತಿದ್ದ ಮಾಳಿಗೆ ಮನೆಗಳಿಗೆ ಗಂಡ ಗಾರೆ ಕೆಲಸಕ್ಕೆ, ಇವಳು ಕಾಂಕ್ರೀಟ್ ಹೊರಲಿಕ್ಕೆ. ಮೂವತ್ತರ ಆಸುಪಾಸಿನ ಹೆಂಗಸು, ಕಪ್ಪಗೆ, ಗಟ್ಟಿಯಾಗಿ, ಹಲ್ಲು ಮಾತ್ರ ಬಿಳಿ. ಒಂದಕ್ಷರ ಬಾರದು. ಬಾಡಿಗೆ ಚೀಟಿಗೆ ಹೆಬ್ಬೆಟ್ಟು ಒತ್ತಿದವಳು. ಆದರೆ ಬಾಯಿ ತೆರೆದರೆ ಪದ. ಜೋಳದ ರೊಟ್ಟಿ ತಟ್ಟುವಾಗ ಒಂದು, ಬಟ್ಟೆ ಒಗೆಯುವಾಗ ಒಂದು, ಗಂಡನಿಗೆ ಬೈಯುವುದೂ ಪ್ರಾಸದಲ್ಲೇ. ಬಾಂಡ್ಲಿಯಿಂದ ಬಾಂಡ್ಲಿಗೆ ಕಾಂಕ್ರೀಟ್ ದಾಟಿಸುವಾಗ ಹೇಳುತ್ತಿದ್ದ ಒಂದು ಪದವನ್ನು ನಮ್ಮ ಅಂಗಳದಲ್ಲೂ ಹೇಳುತ್ತಿದ್ದಳು. ಅದು ಬೇಡವೆಂದರೂ ನನ್ನ ತಲೆಯಲ್ಲಿ ಉಳಿದಿದೆ:

ಮಳ್ಳ ಉಸುಕಿಗಿ ನೀರು ಕುಡಿಸಿ ಕಲ್ಲು ಮಾಡೀನಿ,
ಕಲ್ಲಿನ ಮನ್ಯಾಗ ಕುಂತ ಅಮ್ಮಾರ, ನನ್ನ ಹೆಸರ ಬಲ್ಲೀರೇನ?

ಶ್ರಾವ್ಯ ಮೊದಲು ಕದ್ದು ಕೇಳಿದಳು. ಆಮೇಲೆ ಯಲ್ಲಕ್ಕ, ಯಲ್ಲಕ್ಕ ಎಂದು ಕರೆಯುತ್ತಾ ಹತ್ತಿರ ಹೋಗಿ ಕೂತಳು. ಒಂದು ತಿಂಗಳಾಗುವಾಗ ಶಾಲೆಯಿಂದ ಬಂದವಳು ಚೀಲವನ್ನು ನನ್ನ ಚಾವಡಿಯಲ್ಲಿ ಎಸೆದು ನೇರ ಹಿಂದಿನ ಕೋಣೆಯ ಮೆಟ್ಟಿಲಿಗೆ ಹೋಗುವುದು ರೂಢಿಯಾಯಿತು. ಯಲ್ಲವ್ವ ಒಂದು ಸಾಲು ಹೇಳಿದರೆ ಇವಳು ಅದಕ್ಕೆ ಪ್ರಾಸ ಕೂಡಿಸಿ ಇನ್ನೊಂದು ಹೇಳಬೇಕು. ತಡವಾದರೆ ತಲೆಗೆ ಒಂದು ಕುಟ್ಟು. ರೊಟ್ಟಿ ತಟ್ಟುವ ಪಟಪಟವೇ ತಾಳ. ಅಲ್ಲಿಂದ ನಗು ಕೇಳುತ್ತಿತ್ತು, ಇಲ್ಲಿ ನನ್ನ ಕತ್ತರಿ ಕರಕ್ ಕರಕ್ ಎನ್ನುತ್ತಿತ್ತು. ನನ್ನ ಕತ್ತರಿಗೂ ತಾಳ ಉಂಟು. ನಲುವತ್ತೆಂಟು ವರ್ಷದ ತಾಳ. ಅದನ್ನು ಅವಳು ಹುಟ್ಟಿದಂದಿನಿಂದ ಕೇಳಿದವಳು, ಅದಕ್ಕೆ ಒಂದು ಪದ ಕೂಡಿಸಬೇಕು ಎಂದು ಅವಳಿಗೆ ಕಾಣಲಿಲ್ಲ. ನಾನು ಬೂತಾಯಿ ಮೀನಿನ ಸಾರು ಮಾಡಿ ಕರೆದರೆ ಹೊಟ್ಟೆ ತುಂಬಿದೆ ಎನ್ನುತ್ತಿದ್ದಳು. ಬಾಯಿಯಲ್ಲಿ ಶೇಂಗಾ ಚಟ್ನಿಯ ವಾಸನೆ. ಆ ಸಾರನ್ನು ನಾನು ಬೆಕ್ಕಿಗೆ ಸುರಿದದ್ದುಂಟು, ಅವಳು ನೋಡಲಿ ಎಂದೇ.

ಯಲ್ಲವ್ವನಿಗೂ ಒಬ್ಬಳು ಮಗಳಿದ್ದಳು. ಊರಿನಲ್ಲಿ ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಅದಕ್ಕೇ ನಮ್ಮವಳ ಮೇಲೆ ಅಷ್ಟು ಜೀವ ಎಂಬುದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆ ಉರಿಯುವುದು ನಿಲ್ಲುತ್ತದೆಯೇ? ಒಂದು ಸಂಜೆ ಬಾವಿಕಟ್ಟೆಯಲ್ಲಿ ಅವಳೇ ಮಾತು ತೆಗೆದಳು.

“ಕೂಸಿನ ಬಾಯಾಗ ಮಾತು ಕುಣೀತಾವ್ರೀ ಅಮ್ಮಾರ. ಇದು ಎಲ್ಲಾರಿಗೂ ಬರೂದಲ್ಲ.”

“ಕುಣಿದರೆ ಹೊಟ್ಟೆ ತುಂಬುತ್ತದಾ ಮಾರಾಯ್ತಿ? ಗಣಿತದಲ್ಲಿ ಫೈಲ್ ಆಗಿದ್ದಾಳೆ ಅವಳು” ಎಂದೆ.

“ಹೊಟ್ಟಿಗೆ ರೊಟ್ಟಿ ನಾ ಕೊಡ್ತೀನ್ರೀ. ನೀವು ಒಂದೀಟು ಕಿವಿ ಕೊಡ್ರಿ.”

ಹಾಗೆಂದು ನಕ್ಕಳು. ಅವಳಿಗೆ ಅದು ತಮಾಷೆ. ನನ್ನ ಅಂಗಳದಲ್ಲಿ ನಿಂತು, ನನ್ನ ಬಾವಿಯ ನೀರು ಸೇದುತ್ತಾ, ನನ್ನ ಮೊಮ್ಮಗಳ ಮಾತನ್ನು ಕೇಳಲು ನನಗೆ ಹೇಳಿಕೊಡುತ್ತಾಳಲ್ಲ ಎಂದು ನನಗೆ ಮೈಯೆಲ್ಲ ಹಸಿಮೆಣಸು ಅರೆದು ಹಚ್ಚಿದ ಹಾಗಾಯಿತು. ಕೊಡ ಎತ್ತಿಕೊಂಡು ಬಂದುಬಿಟ್ಟೆ. ಕಿವಿ ಕೊಡಲಿಲ್ಲ. ಅವಳು ಹೇಳಿದಳು ಎನ್ನುವ ಒಂದೇ ಕಾರಣಕ್ಕೆ ಕೊಡಲಿಲ್ಲ. ಅದರ ನಂತರ ಶ್ರಾವ್ಯ ಎರಡು ಸಲ, ಅಜ್ಜಿ ಒಂದು ಪದ್ಯ ಕೇಳ್ತೀಯಾ ಎಂದು ಬಂದದ್ದುಂಟು. ಒಮ್ಮೆ ಬೀಡಿ ಎಣಿಸುತ್ತಿದ್ದೇನೆ, ತಪ್ಪಿಸಬೇಡ ಎಂದೆ. ಇನ್ನೊಮ್ಮೆ, ಹೋಗು, ನಿನ್ನ ಯಲ್ಲಕ್ಕನಿಗೆ ಹೇಳು ಎಂದೆ. ಮೂರನೇ ಸಲ ಅವಳು ಕೇಳಲಿಲ್ಲ.

ಅದಾಗಿ ಒಂದು ವಾರ ಕಳೆದಿರಬಹುದು. ಬೆಳಿಗ್ಗೆ ಗಂಜಿ ಕುಡಿದು, ಮಗಳನ್ನು ಬಸ್ಸಿಗೆ, ಶ್ರಾವ್ಯನನ್ನು ಶಾಲೆಗೆ ಕಳಿಸಿ ಚಾವಡಿಯಲ್ಲಿ ಕೂತು ಗೋಣಿ ಬಿಚ್ಚಿದೆ. ಬೀಡಿ ಕಟ್ಟುವವಳು ಎಲೆಯನ್ನು ಹಾಗೆಯೇ ಕತ್ತರಿಸುವುದಿಲ್ಲ. ಒಂದೊಂದನ್ನೂ ಮಗುಚಿ, ತೂತು ಉಂಟಾ, ದಪ್ಪ ನರ ಉಂಟಾ ನೋಡಿಯೇ ಅಳತೆಯ ತಗಡು ಇಟ್ಟು ಕತ್ತರಿಸುವುದು. ಮೇಲಿನ ನಾಲ್ಕೈದು ಎಲೆ ತೆಗೆದೆ. ಮುಂದಿನದ್ದರ ಹಿಂಬದಿಯಲ್ಲಿ ಅಕ್ಷರ. ಒದ್ದೆ ಎಲೆಯ ಮೇಲೆ ಬಾಲ್‌ಪೆನ್ನನ್ನು ಒತ್ತಿ ಬರೆದದ್ದು. ಶಾಯಿ ಹಿಡಿದಿರಲಿಲ್ಲ, ಗೀಚಿದ ಗೆರೆಗಳು ಬೆಳಗಾಗುವಾಗ ಕಪ್ಪಾಗಿ ಎದ್ದಿದ್ದವು. ಅಂಥದ್ದು ನಾಲ್ಕು ಎಲೆ, ಎಲ್ಲ ಅಗಲವಾದ ಒಳ್ಳೆಯ ಎಲೆ. ಶ್ರಾವ್ಯನ ಗುಂಡು ಅಕ್ಷರವೇ. ಬೆಳಕಿಗೆ ಓರೆ ಹಿಡಿದು ಮೊದಲನೇ ಎಲೆಯನ್ನು ಕೂಡಿಸಲು ಹೊರಟೆ. ಯ. ಲ್ಲ. ಕ್ಕ.

ಅಲ್ಲಿಗೆ ನಿಲ್ಲಿಸಿದೆ. ನನ್ನ ಎಲೆ, ನನ್ನ ಗೋಣಿ, ಅದರೊಳಗೂ ಅವಳೇ. ಮುಂದಿನ ಅಕ್ಷರಕ್ಕೆ ನನ್ನ ಕಣ್ಣು ಹೋಗಲಿಲ್ಲ. ತಗಡನ್ನು ‘ಯ’ದ ಮೇಲೆ ಇಟ್ಟು ಕತ್ತರಿಸಿದೆ. ನಾಲ್ಕು ಎಲೆಯಲ್ಲಿ ಒಂಬತ್ತು ತುಂಡು ಬಂತು. ಅಕ್ಷರ ಒಳಗೆ ಬರುವ ಹಾಗೆ ಹಿಡಿದು, ತಂಬಾಕು ಹಾಕಿ, ಸುತ್ತಿ, ತಲೆ ಮಡಚಿ, ನೂಲು ಬಿಗಿದೆ. ಆ ಒಂಬತ್ತು ಬೀಡಿಯಷ್ಟು ಚಂದದ ಬೀಡಿ ನಾನು ಮತ್ತೆ ಕಟ್ಟಿಲ್ಲ. ಕೋಪದಲ್ಲಿ ನನ್ನ ಕೈ ನಡುಗುವುದಿಲ್ಲ, ಗಟ್ಟಿಯಾಗುತ್ತದೆ. ಉಳಿದವುಗಳ ಜೊತೆ ಕಟ್ಟಿನಲ್ಲಿ ಸೇರಿಸಿದೆ. ಮಧ್ಯಾಹ್ನದ ಮೇಲೆ ಬ್ರಾಂಚಿಗೆ ಕೊಟ್ಟು ಬಂದೆ. ಯಾವ ಊರಿನ ಯಾವ ಗಂಡಸು ಅದನ್ನು ಸೇದಿ ಉಗುಳಿದನೋ, ದೇವರಿಗೇ ಗೊತ್ತು.

ಆ ಸಂಜೆ ಶ್ರಾವ್ಯ ಚೀಲ ಎಸೆಯಲಿಲ್ಲ, ಹಿಂದಿನ ಕೋಣೆಗೂ ಓಡಲಿಲ್ಲ. ನನ್ನ ಬದಿಯಲ್ಲಿ ಕೂತಳು. ತಡ್ಪೆಯನ್ನು ನೋಡಿದಳು, ನನ್ನ ಮುಖ ನೋಡಿದಳು.

“ಅಜ್ಜಿ, ಇವತ್ತು ಎಲೆ ಹೇಗಿತ್ತು?”

“ಎಲೆ ಎಲೆಯ ಹಾಗೆ ಇತ್ತು” ಎಂದೆ.

ಅವಳು ಮತ್ತೂ ಸ್ವಲ್ಪ ಹೊತ್ತು ಕೂತಿದ್ದಳು. ಚಹಾ ಬೇಕಾ ಎಂದು ಕೇಳಿದೆ. ಬೇಡ ಎಂದಳು. ಮೆಲ್ಲ ಎದ್ದು ಹಿಂದಿನ ಮೆಟ್ಟಿಲಿಗೆ ಹೋದಳು. ಆ ದಿನ ಅಲ್ಲಿಂದ ನಗು ಕೇಳಲಿಲ್ಲ ಎಂದು ನನಗೆ ಸಮಾಧಾನವಾಯಿತು.

ಯಲ್ಲವ್ವ ಹೆಚ್ಚು ಸಮಯ ಇರಲಿಲ್ಲ. ಇಲ್ಲಿನ ಕಟ್ಟಡ ಮುಗಿದ ಮೇಲೆ ಮೇಸ್ತ್ರಿ ಅವರನ್ನು ಕಾರ್ಕಳಕ್ಕೆ ಕರೆದುಕೊಂಡು ಹೋದ. ಹೋಗುವ ದಿನ ಅವಳು ಶ್ರಾವ್ಯನ ಕೆನ್ನೆ ಸವರಿ ನೆಟಿಕೆ ಮುರಿದು ದೃಷ್ಟಿ ತೆಗೆದಳು, ನನ್ನ ಕಾಲಿಗೂ ಬಿದ್ದಳು. ನಾನು ಆ ದಿನ ಬಂಗುಡೆ ತಂದು ಹುರಿದೆ. ಹಬ್ಬವೇ ಮಾಡಿದೆ ಎಂದರೂ ಸರಿ. ಶ್ರಾವ್ಯ ಒಂದು ತುಂಡೂ ಮುಟ್ಟಲಿಲ್ಲ. ಗೆದ್ದೆ ಎಂದುಕೊಂಡ ನಾನು ಮೂರು ಬಂಗುಡೆ ಒಬ್ಬಳೇ ತಿಂದೆ. ದೊಡ್ಡವಳಾದ ಮೇಲೆ ಶ್ರಾವ್ಯ ಯಲ್ಲವ್ವನನ್ನು ಹುಡುಕಿಕೊಂಡು ಕಾರ್ಕಳಕ್ಕೆ ಹೋಗಿದ್ದಳು. ಅವರು ಕಟ್ಟಿದ ಮನೆಗಳು ಸಿಕ್ಕಿದವು. ಅವರು ಸಿಗಲಿಲ್ಲ. ಆ ಮನೆಗಳ ಯಾರಿಗೂ ಅಂಥ ಹೆಸರು ನೆನಪಿರಲಿಲ್ಲ.

ಕಳೆದ ವರ್ಷ ಮಣಿಪಾಲದಲ್ಲಿ ಅವಳ ಕಾರ್ಯಕ್ರಮಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ಮುಂದಿನ ಸಾಲಿನ ಕುರ್ಚಿ. ಎದೆಯೊಳಗೆ ಯಾರೋ ಭತ್ತ ಕುಟ್ಟುವ ಹಾಗೆ ಶಬ್ದ. ನಡುವೆ ಅವಳು ಎಲ್ಲ ವಾದ್ಯ ನಿಲ್ಲಿಸಿ, ಇದು ನನ್ನ ಮೊದಲನೇ ಪದ್ಯ, ಹದಿಮೂರರಲ್ಲಿ ಮಾಡಿದ್ದು, ಇದಕ್ಕೆ ಗುರು ಯಲ್ಲಕ್ಕ ಎಂದು ಹೇಳಿ, ಬರೀ ಅಂಗೈ ತಟ್ಟಿಕೊಂಡು ಹೇಳಿದಳು. ರೊಟ್ಟಿ ತಟ್ಟಿದ ಹಾಗೆ.

ಯಲ್ಲಕ್ಕನ ತಲೆಯ ಮೇಲೆ ಮೂರು ಮಾಳಿಗೆ ಮನೆ,
ಹೊತ್ತು ಹೊತ್ತು ಹರಿದದ್ದು ಸಿಂಬಿ ಬಟ್ಟೆಯ ಕೊನೆ.
ಮೆಟ್ಟಿಲಿಗೆ ಗೊತ್ತುಂಟು ಅವಳ ಪಾದದ ಅಳತೆ,
ಬಾಗಿಲು ಕೇಳುತ್ತದೆ, ಯಾರು ನೀನು, ಎಂತ ಕತೆ?

ಮಕ್ಕಳೆಲ್ಲ ಎದ್ದು ನಿಂತು ಕೂಗಿದರು. ನಾನು ಕೂತೇ ಇದ್ದೆ. ಎಪ್ಪತ್ತು ದಾಟಿದರೂ ಹೊಟ್ಟೆಗೆ ಪ್ರಾಯವಾಗಿರಲಿಲ್ಲ, ಹಾಗೇ ಉರಿಯಿತು. ಮೀಯಿಸಿದ್ದು ನಾನು, ಗುರು ಅವಳು. ಮನೆಗೆ ಬರುವಾಗ ಕಾರಿನಲ್ಲಿ ತಡೆಯಲಾಗಲಿಲ್ಲ. ಆ ಎಲೆ ಸುತ್ತಿದ್ದು ನಾನೇ, ತಿಳಿದೇ ಸುತ್ತಿದ್ದು ಎಂದು ಹೇಳಿಬಿಟ್ಟೆ.

“ಗೊತ್ತುಂಟು ಅಜ್ಜಿ” ಎಂದಳು. ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ.

“ಪದ್ಯ ಹೋಯಿತು ಅಂತ ಎಣಿಸಿದ್ದೆ.”

“ಪದ್ಯ ಎಲ್ಲಿಗೆ ಹೋಗ್ತದೆ, ಬಾಯಲ್ಲಿ ಇತ್ತಲ್ಲ. ಯಲ್ಲಕ್ಕ ಎಲ್ಲ ಬಾಯಲ್ಲೇ ಇಡಿಸುತ್ತಿದ್ದದ್ದು. ಅವಳಿಗೆ ಓದಲಿಕ್ಕೆ ಬರುತ್ತಿತ್ತಾ? ಎಲೆಯಲ್ಲಿ ಬರೆದು ಅವಳಿಗೆ ಎಂತ ಪ್ರಯೋಜನ?”

ಎದುರಿನ ಲಾರಿಗೆ ದಾರಿ ಬಿಟ್ಟು ಅವಳೇ ಮುಂದುವರಿಸಿದಳು.

“ಬರೆದದ್ದು ನಿನಗೆ. ನೀನು ಕೇಳುವುದಿಲ್ಲ ಅಂದಿ. ಪುಸ್ತಕ ನೀನು ಮುಟ್ಟುವವಳಲ್ಲ. ಎಲೆ ಮಾತ್ರ ದಿನಾ ಒಂದೊಂದೇ ಮಗುಚಿ ನೋಡ್ತಿದ್ದಿ. ಬಸ್ಸಾದರೆ ಓಡಿಹೋಗ್ತದೆ, ಎಲೆ ನಿಲ್ತದಲ್ಲ ಅಂತ ಎಣಿಸಿದೆ.”

ಓದಿದ್ದರೂ ಅದು ಯಲ್ಲವ್ವನ ಮೇಲಿನ ಪದ್ಯವೇ. ಇದನ್ನೂ ಹೇಳಿಬಿಡುತ್ತೇನೆ, ಓದಿದ್ದರೂ ಆ ದಿನ ಕತ್ತರಿಸುತ್ತಿದ್ದೆನೋ ಏನೋ. ಆದರೆ ಓದಿಯೇ ಕತ್ತರಿಸುತ್ತಿದ್ದೆ. ಮೂರು ಅಕ್ಷರಕ್ಕೆ ನಿಂತವಳು ನಾನು. ನನ್ನ ಜನ್ಮದಲ್ಲಿ ನನಗೆ ಅಂತ ಯಾರಾದರೂ ಬರೆದದ್ದು ಆ ನಾಲ್ಕು ಎಲೆ ಮಾತ್ರ.

ಆಗ ಆ ಒಂಬತ್ತು ಬೀಡಿ ಬ್ರಾಂಚಿಗೆ ಕೊಟ್ಟು ಬಂದ ಮಾರನೇ ದಿನ ಬೆಳಿಗ್ಗೆ ನಾನು ಎಂತ ಮಾಡಿದೆ ಎಂದು ಮಾತ್ರ ಅವಳಿಗೆ ಹೇಳಲಿಲ್ಲ. ಮಗಳು ಬಸ್ಸಿಗೆ ಹೋದಳು, ಶ್ರಾವ್ಯ ಶಾಲೆಗೆ ಹೋದಳು. ನಾನು ಬಾಗಿಲು ಎಳೆದುಕೊಂಡು ಗೋಣಿ ಬಿಚ್ಚಿದೆ. ಇವತ್ತೂ ಗೀಚಿದ್ದರೆ ಸಂಜೆ ಬರಲಿ, ಸರಿಯಾಗಿ ಬೈಯುತ್ತೇನೆ ಎಂದುಕೊಂಡೆ. ಒಂದೊಂದೇ ಎಲೆ ತೆಗೆದು, ಈ ಬದಿ ಆ ಬದಿ ಮಗುಚಿ, ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಿದೆ. ಅಡಿಯ ಎಲೆಯವರೆಗೂ ನೋಡಿದೆ. ಬರೀ ನರ. ಎಲ್ಲವನ್ನೂ ಮತ್ತೆ ಗೋಣಿಯಲ್ಲಿಟ್ಟು, ಮೊದಲಿನಿಂದ ಇನ್ನೊಮ್ಮೆ ನೋಡಿದೆ. ಆಮೇಲೆ ತಡ್ಪೆ ಎಳೆದುಕೊಂಡು, ತಗಡು ಇಟ್ಟು, ಕತ್ತರಿ ತೆಗೆದುಕೊಂಡೆ.